ಕಂಪನಿಯ 25ನೇ ವರ್ಷದ ಫಂಕ್ಷನ್‌ಗೆ ನಾನು ಮೈಕು, ಪರದೆ, ಕರೆಂಟು ಹೊಂದಿಸಿದ ಕತೆ

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಡ್ಮಿನ್ ನೋಡಿಕೊಳ್ಳುತ್ತೇನೆ. ಕ್ಯಾಂಟೀನು, ಬಸ್ಸು, ಸೆಕ್ಯುರಿಟಿ, ಯೂನಿಫಾರಂ, ಎಲ್ಲಾ ನನ್ನ ತಲೆಗೇ. ವರ್ಷಕ್ಕೊಮ್ಮೆ ಬರುವ ಆನ್ಯುಯಲ್ ಡೇ ಕೂಡ. ಸೌಂಡು, ಎಲ್‌ಇಡಿ ಪರದೆ ಬಗ್ಗೆ ನಾನು ಓದಿ ಕಲಿತಿದ್ದು ಏನೂ ಇಲ್ಲ. ಪೆಟ್ಟು ತಿಂದು ಕಲಿತಿದ್ದು.

ಮೊದಲ ಪೆಟ್ಟು ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಮೂವರು ವೆಂಡರ್‌ಗಳಿಗೆ ಫೋನ್ ಮಾಡಿ, "700 ಜನ, ಒಂದು ಎಲ್‌ಇಡಿ ವಾಲ್, ಒಳ್ಳೆ ಸೌಂಡು, ಎಷ್ಟಾಗುತ್ತೆ?" ಅಂತ ಕೇಳಿ ಯಾರು ಕಡಿಮೆ ಹೇಳಿದರೋ ಅವರಿಗೆ ಕೊಟ್ಟಿದ್ದೆ. ಎಂಡಿ ಮಾತಾಡುತ್ತಿರುವಾಗ ಕರೆಂಟು ಹೋಯಿತು. ಹಾಲ್‌ನ ಜನರೇಟರ್ ಹತ್ತೇ ಸೆಕೆಂಡಿಗೆ ಶುರುವಾಯಿತು, ಲೈಟು ಬಂತು, ಎಸಿ ಬಂತು. ಮೈಕ್ ಬರಲಿಲ್ಲ. ಎಲ್ಲಾ ಮೈಕ್‌ಗಳ ಸದ್ದು ಬೆರೆಸಿ ಸ್ಪೀಕರ್‌ಗೆ ಕಳಿಸುವುದು ಮಿಕ್ಸರ್. ಈಗಿನ ಮಿಕ್ಸರ್ ಅಂದರೆ ಅದೂ ಒಂದು ಕಂಪ್ಯೂಟರೇ. ಒಮ್ಮೆ ಆಫ್ ಆದರೆ ಮತ್ತೆ ಎದ್ದು ಕೂರುವುದಕ್ಕೆ ಅದಕ್ಕೆ ಟೈಮ್ ಬೇಕು. ಪರದೆಗೆ ಚಿತ್ರ ಕಳಿಸುವ ಎಲ್‌ಇಡಿ ಪ್ರೊಸೆಸರ್‌ಗೂ ಹಾಗೇ. ಎಲ್ಲಾ ಸರಿಯಾಗುವಷ್ಟರಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ಆಯಿತು. ಅಷ್ಟು ಹೊತ್ತು ನಮ್ಮ ಎಂಡಿ ಸುಮ್ನೆ ನಿಂತಿದ್ದರು, ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆಯುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು ನನಗೆ.

ಹಾಗಾಗಿ 25ನೇ ವರ್ಷದ ಫಂಕ್ಷನ್ ಬಂದಾಗ ಯಾವ ವೆಂಡರ್‌ಗೂ ಮೊದಲು ಫೋನ್ ಮಾಡಲಿಲ್ಲ. ಎರಡು ತಿಂಗಳು ಮುಂಚೆ ಒಂದು ಎಕ್ಸೆಲ್ ಶೀಟ್ ತೆಗೆದು, ಬೆಳಗ್ಗೆ 10ರಿಂದ ಮಧ್ಯಾಹ್ನ ಊಟದವರೆಗೆ ಸ್ಟೇಜ್ ಮೇಲೆ ಏನೇನು ನಡೆಯುತ್ತದೆ ಅಂತ ನಿಮಿಷದ ಲೆಕ್ಕದಲ್ಲಿ ಬರೆದೆ. ಪ್ರತಿ ಸಾಲಿನ ಎದುರು ನಾಲ್ಕು ಪ್ರಶ್ನೆ: ಯಾರು ಮಾತಾಡುತ್ತಾರೆ, ನಿಂತೋ ಕೂತೋ ಓಡಾಡುತ್ತಲೋ, ಪರದೆ ಮೇಲೆ ಏನಿರಬೇಕು, ಅದರ ಬಟನ್ ಒತ್ತುವವರು ಯಾರು. ಕೊನೆಯ ಪ್ರಶ್ನೆಗೆ ಅರ್ಧ ಸಾಲುಗಳಲ್ಲಿ ಉತ್ತರವೇ ಇರಲಿಲ್ಲ. ಎಚ್‌ಆರ್‌ನವರು ವೆಂಡರ್ ಒತ್ತುತ್ತಾರೆ ಅಂದುಕೊಂಡಿದ್ದರು. ವೆಂಡರ್ ಅಂತೂ ಎಚ್‌ಆರ್‌ನವರೇ ಪೆನ್‌ಡ್ರೈವ್ ತಂದು ಕೂರುತ್ತಾರೆ ಅಂದುಕೊಳ್ಳುವವನೇ.

ಶೀಟ್ ತುಂಬಿದ ಮೇಲೆ ಸಾಮಾನಿನ ಪಟ್ಟಿ ತಾನಾಗೇ ಬಂತು. ಎಂಡಿ ಓಡಾಡುತ್ತಾ ಮಾತಾಡುವವರು, ಅವರಿಗೆ ಕಾಲರ್ ಮೈಕ್. ಸಿಎಫ್‌ಒ ಪೋಡಿಯಂ ಬಿಟ್ಟು ಅಲ್ಲಾಡುವುದಿಲ್ಲ, ಅಲ್ಲಿ ವೈರ್ ಇರುವ ಮೈಕೇ ಸಾಕು. 25 ವರ್ಷ ಸರ್ವಿಸ್ ಮಾಡಿದ ಆರು ಜನರನ್ನು ಕೂರಿಸಿ ಮಾತಾಡಿಸುವುದಿತ್ತು, ಅವರಿಗೆ ಕಾರ್ಡ್‌ಲೆಸ್ ಹ್ಯಾಂಡ್ ಮೈಕ್ ಮೂರು, ಇಬ್ಬರಿಗೊಂದು. ಅವರಿಗೂ ಕಾಲರ್ ಮೈಕೇ ಇರಲಿ ಅಂತ ಎಚ್‌ಆರ್ ಹಟ ಮಾಡಿದರು. ನಾನು ಬೇಡವೇ ಬೇಡ ಅಂದೆ. ಕಾಲರ್ ಮೈಕ್ ಬಾಯಿಂದ ಒಂದು ಗೇಣು ದೂರ ಇರುತ್ತದೆ, ಸಣ್ಣ ದನಿಯವರಿಗೆ ವಾಲ್ಯೂಮ್ ಎತ್ತಲೇಬೇಕು, ಎತ್ತಿದರೆ ಕುಯ್ಯ್ ಅನ್ನುತ್ತದೆ. ಆರು ಮೈಕ್ ಒಟ್ಟಿಗೆ ಆನ್ ಇದ್ದರೆ ಇನ್ನೂ ಕಷ್ಟ.

ಆಮೇಲೆ ರೆಕ್ಕಿ, ಅಂದರೆ ಮುಂಚೆಯೇ ಹೋಗಿ ಜಾಗ ನೋಡಿ ಬರುವುದು. ಹಾಲ್ ಇದ್ದಿದ್ದು ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಕಡೆ. ಫೋಟೋ ನೋಡಿ ಒಪ್ಪಿಕೊಳ್ಳದೆ ಸೌಂಡಿನವರು, ಎಲೆಕ್ಟ್ರಿಷಿಯನ್ ಇಬ್ಬರನ್ನೂ ಕರೆದುಕೊಂಡು ಹೋದೆ. ಟೇಪು ಹಿಡಿದು ಅಳೆದೆವು, 40 ಮೀಟರ್ ಉದ್ದದ ಹಾಲು. ಹಳೇ ಫಂಕ್ಷನ್‌ನಲ್ಲಿ ಸ್ಟೇಜ್ ಪಕ್ಕ ಮಾತ್ರ ಸ್ಪೀಕರ್ ಇಟ್ಟು ಸೌಂಡ್ ಎತ್ತಿದ್ದರು, ಮುಂದೆ ಕೂತ ಗೆಸ್ಟ್‌ಗಳು ಕಿವಿ ಮುಚ್ಚಿಕೊಂಡಿದ್ದರು, ಹಿಂದಿನವರಿಗೆ ಒಂದಕ್ಷರ ತಿಳಿದಿರಲಿಲ್ಲ. ಈ ಸಲ ಮಧ್ಯದಲ್ಲಿ, ಸ್ಟೇಜಿನಿಂದ 20 ಮೀಟರ್‌ಗೆ, ಇನ್ನೊಂದು ಜೊತೆ ಸ್ಪೀಕರ್ ಹಾಕಿಸಿದೆ. ಅದಕ್ಕೆ ಡಿಲೇ ಕೊಡಬೇಕು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, 20 ಮೀಟರ್ ದಾಟಲು ಹತ್ತಿರ ಹತ್ತಿರ 58 ಮಿಲಿಸೆಕೆಂಡ್ ಬೇಕು. ವೈರ್‌ನಲ್ಲಿ ಬರುವ ಸಿಗ್ನಲ್‌ಗೆ ಆ ಕಾಯುವಿಕೆ ಇಲ್ಲ. ಮಿಕ್ಸರ್‌ನಲ್ಲಿ ಅಷ್ಟು ತಡ ಮಾಡದಿದ್ದರೆ ಹಿಂದೆ ಕೂತವರಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳಿಸುತ್ತದೆ. ಇದನ್ನು ನನಗೆ ಹೇಳಿಕೊಟ್ಟಿದ್ದು ಸೌಂಡಿನ ಹುಡುಗನೇ, ಚಪ್ಪಾಳೆ ತಟ್ಟಿ ತೋರಿಸಿ. "ಮೇಡಂ, ಇದನ್ನೆಲ್ಲ ಯಾರೂ ಕೇಳಲ್ಲ, ಎಷ್ಟು ವ್ಯಾಟ್ಸ್ ಅಂತ ಮಾತ್ರ ಕೇಳ್ತಾರೆ" ಅಂದ. ನಾನೂ ಹಾಗೆ ಕೇಳಿದವಳೇ, ಹೇಳಲಿಲ್ಲ ಅಷ್ಟೇ.

ಹೆಚ್ಚುವರಿ ಸ್ಪೀಕರ್‌ಗೆ ದುಡ್ಡು ಬಂದಿದ್ದು ಎಲ್‌ಇಡಿ ವಾಲ್‌ನಿಂದ. ವೆಂಡರ್ ಪಿ2.6 ಹಾಕೋಣ ಅನ್ನುತ್ತಿದ್ದರು. ಆ ನಂಬರ್ ಅಂದರೆ ಎರಡು ಚುಕ್ಕೆಗಳ ನಡುವಿನ ಅಂತರ, ಮಿಲಿಮೀಟರ್‌ನಲ್ಲಿ. ಎಷ್ಟು ಮಿಲಿಮೀಟರೋ ಕಡಿಮೆ ಅಂದರೂ ಅಷ್ಟು ಮೀಟರ್ ದೂರ ಕೂತರೆ ಚುಕ್ಕೆ ಕಾಣುವುದಿಲ್ಲ ಅನ್ನೋದು ಎಲ್‌ಇಡಿಯವರ ಅಂದಾಜಿನ ಲೆಕ್ಕ. ನಮ್ಮ ಮೊದಲ ಸಾಲೇ 6 ಮೀಟರ್ ದೂರ, ಅದಕ್ಕಿಂತ ಅಗ್ಗದ ಪಿ3.9 ಧಾರಾಳ. ಸೈಜು ಮಾತ್ರ ಬದಲಾಯಿಸಿದೆ. ಕೊಟೇಶನ್‌ನಲ್ಲಿ 20 ಅಡಿ ಅಗಲ, 10 ಅಡಿ ಎತ್ತರ ಅಂತ ಇತ್ತು. ಅದು 2:1, ನಮ್ಮ ಪಿಪಿಟಿ, ವಿಡಿಯೋ ಎಲ್ಲಾ 16:9. ಒಂದೋ ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಇಲ್ಲಾಂದ್ರೆ ಎಳೆದು ಹಾಕಿ ಎಂಡಿ ಮುಖ ಕುಂಬಳಕಾಯಿ ಮಾಡುತ್ತಾರೆ. ಪ್ಯಾನೆಲ್‌ಗಳು ಅರ್ಧ ಮೀಟರ್ ಚೌಕದವು. ಎತ್ತರಕ್ಕೆ ಇನ್ನೊಂದು ಸಾಲು ಸೇರಿಸಿ 6 ಮೀಟರ್‌ಗೆ 3.5 ಮೀಟರ್ ಮಾಡಿಸಿದೆ, ಹೆಚ್ಚು ಕಡಿಮೆ ಸರಿಹೋಯಿತು.

ಈಗ ಕನ್ನಡದ ವಿಷಯ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ನಮ್ಮ ಯೂನಿಯನ್‌ನವರು ಸ್ಲೈಡ್ ಮಾಡಿದ್ದು ಹಳೇ ನುಡಿ ಫಾಂಟ್‌ನಲ್ಲಿ. ಅವರ ಕಂಪ್ಯೂಟರ್‌ನಲ್ಲಿ ಮುತ್ತು ಪೋಣಿಸಿದ ಹಾಗಿತ್ತು. ವೆಂಡರ್‌ನ ಲ್ಯಾಪ್‌ಟಾಪ್‌ನಲ್ಲಿ ತೆಗೆದರೆ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ ಎಲ್ಲಾ ಕಲಸಿದ ಚಿತ್ರಾನ್ನ. ಆ ಫಾಂಟ್ ಆ ಮಷೀನ್‌ನಲ್ಲಿ ಇರಲಿಲ್ಲ, ಅಷ್ಟೇ. ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿದೆವು, ಜೊತೆಗೆ ಒಂದು ಪಿಡಿಎಫ್ ಪ್ರತಿ ಇಟ್ಟುಕೊಂಡೆವು. ಬ್ಯಾಕ್‌ಡ್ರಾಪ್ ಡಿಸೈನ್ ಬಂದಾಗ ಇನ್ನೊಂದು ತಮಾಷೆ. "ಬೆಳ್ಳಿಹಬ್ಬ" ಅನ್ನುವಲ್ಲಿ ಒತ್ತಕ್ಷರಗಳು ಕಿತ್ತುಕೊಂಡು ಪಕ್ಕಕ್ಕೆ ಬಂದು ಕೂತಿದ್ದವು. ಡಿಸೈನರ್‌ಗೆ ಕನ್ನಡ ಓದಲು ಬರುವುದಿಲ್ಲ, ಅವರ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಭಾಷೆಯ ಸೆಟ್ಟಿಂಗ್ ಆನ್ ಇರಲಿಲ್ಲ. 6 ಮೀಟರ್ ಅಗಲದಲ್ಲಿ, 700 ಕನ್ನಡಿಗರ ಮುಂದೆ! ಅವತ್ತಿನಿಂದ ಕನ್ನಡ ಇರುವ ಪ್ರತಿ ಫೈಲನ್ನೂ ನಾನೇ ತೆಗೆದು ನೋಡುತ್ತೇನೆ. ನಾಡಗೀತೆಯದೂ ಅಷ್ಟೇ. ಸರ್ಕಾರ 2022ರಲ್ಲಿ ಅದಕ್ಕೆ 2 ನಿಮಿಷ 30 ಸೆಕೆಂಡ್ ಅಂತ ನಿಗದಿ ಮಾಡಿದೆ, ನಮ್ಮವರು ಯಾವುದೋ ಉದ್ದದ ರೆಕಾರ್ಡಿಂಗ್ ಇಳಿಸಿಕೊಂಡಿದ್ದರು. ಶೀಟ್‌ನಲ್ಲಿ ಟೈಮ್ ಬರೆಯುವಾಗ ಗೊತ್ತಾಯಿತು.

ಕರೆಂಟಿಗೆ ಬರುತ್ತೇನೆ, ಹಳೇ ಗಾಯ. ಎಲ್‌ಇಡಿ, ಸೌಂಡು, ಲೈಟು ಎಲ್ಲಾ ಸೇರಿ ಪೂರ್ತಿ ಲೋಡ್‌ನಲ್ಲಿ 30 ಕಿಲೋವ್ಯಾಟ್ ಹತ್ತಿರ ಬರುತ್ತಿತ್ತು. 62.5 ಕೆವಿಎ ಸೈಲೆಂಟ್ ಜನರೇಟರ್ ಬಾಡಿಗೆಗೆ ತೆಗೆದುಕೊಂಡೆ. ಕೆವಿಎ ಪೂರ್ತಿ ಕೈಗೆ ಸಿಗುವುದಿಲ್ಲ, ಅದನ್ನು 0.8ರಿಂದ (ಪವರ್ ಫ್ಯಾಕ್ಟರ್ ಅನ್ನುತ್ತಾರೆ) ಗುಣಿಸಿದರೆ 50 ಕಿಲೋವ್ಯಾಟ್ ಬರುತ್ತದೆ, ಉಸಿರಾಡಲು ಜಾಗ ಇರುತ್ತದೆ. ಎಸಿ, ಹಾಲ್ ಲೈಟು ಹಾಲ್‌ನವರ ಕರೆಂಟಿನಲ್ಲೇ ಇರಲಿ ಅಂತ ಬೇರೆ ಮಾಡಿದೆವು. ಅಷ್ಟಕ್ಕೇ ನೆಮ್ಮದಿ ಆಗಲಿಲ್ಲ. ಜನರೇಟರ್‌ನ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೂ ಆಟ ಮುಗಿಯಿತು, ಅಲ್ವಾ? ಮಿಕ್ಸರ್, ಪರದೆಗೆ ಯಾವ ವಿಡಿಯೋ ಹೋಗಬೇಕು ಅಂತ ಬದಲಿಸುವ ವಿಡಿಯೋ ಸ್ವಿಚರ್, ಎಲ್‌ಇಡಿ ಪ್ರೊಸೆಸರ್, ಕಾರ್ಡ್‌ಲೆಸ್ ಮೈಕ್‌ನ ರಿಸೀವರ್, ಈ ನಾಲ್ಕಕ್ಕೆ ಒಂದು ಆನ್‌ಲೈನ್ ಯುಪಿಎಸ್, ಅಂದರೆ ಕರೆಂಟು ಹೋದರೂ ಒಂದು ಕ್ಷಣವೂ ಬಿಡದೆ ಬ್ಯಾಟರಿಯಿಂದ ಕೊಡುವಂಥದ್ದು, ಬಾಡಿಗೆಗೆ ತಂದೆವು. ಸ್ಪೀಕರ್ ಒಂದು ಕ್ಷಣ ಸತ್ತರೆ ಸಾಯಲಿ, ತಕ್ಷಣ ಎದ್ದುಬಿಡುತ್ತದೆ. ತಲೆ ಸಾಯಬಾರದು.

ಹಾಲ್ ಕೈಗೆ ಸಿಕ್ಕಿದ್ದು ರಾತ್ರಿ 12ಕ್ಕೆ. ಮುಹೂರ್ತದ ಸೀಸನ್ನು, ಹಿಂದಿನ ರಾತ್ರಿ ಅಲ್ಲೊಂದು ರಿಸೆಪ್ಷನ್. ಇದು ಬುಕ್ ಮಾಡುವಾಗಲೇ ಗೊತ್ತಿತ್ತು, ಅದಕ್ಕೇ ಹೂವಿನ ಡೆಕೊರೇಷನ್ ಬಿಚ್ಚುವವರ ನಂಬರ್ ಕೂಡ ಮ್ಯಾನೇಜರ್ ಹತ್ತಿರ ಇಸಿದುಕೊಂಡಿದ್ದೆ. ಒಂದು ಕಡೆ ಸೇವಂತಿಗೆ ಇಳಿಯುತ್ತಿತ್ತು, ಇನ್ನೊಂದು ಕಡೆ ನಮ್ಮ ಟ್ರಸ್, ಲೈಟು ಪರದೆ ಹೊರುವ ಲೋಹದ ಚೌಕಟ್ಟು, ಏಳುತ್ತಿತ್ತು. ಎರಡು ಗಂಟೆಗೆ ಕ್ಯಾಂಟೀನಿಂದ ಪುಳಿಯೋಗರೆ, ಟೀ ತರಿಸಿದೆ. ರಾತ್ರಿಯಿಡೀ ಕೇಬಲ್ ಎಳೆಯುವ ಹುಡುಗರಿಗೆ ಊಟದ ಬಗ್ಗೆ ಯಾವ ಕೊಟೇಶನ್‌ನಲ್ಲೂ ಒಂದು ಸಾಲು ಇರುವುದಿಲ್ಲ.

ಬೆಳಗ್ಗೆ 7ಕ್ಕೆ ರಿಹರ್ಸಲ್. ಲ್ಯಾಪ್‌ಟಾಪ್ ಸಿಕ್ಕಿಸಿದ ತಕ್ಷಣ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು. ಚಾರ್ಜರ್ ಕಿತ್ತರೆ ನಿಂತಿತು, ಅರ್ತಿಂಗ್ ತಕರಾರು. ಮಧ್ಯೆ ಒಂದು ಡಿಐ ಬಾಕ್ಸ್, ಅಂದರೆ ಲ್ಯಾಪ್‌ಟಾಪ್‌ಗೂ ಮಿಕ್ಸರ್‌ಗೂ ನಡುವೆ ಇಂಥ ಸದ್ದು ತಡೆಯುವ ಪುಟ್ಟ ಡಬ್ಬಿ, ಹಾಕಿದ ಮೇಲೆ ಚಾರ್ಜರ್ ಇದ್ದರೂ ಸದ್ದಿಲ್ಲ. ಆಮೇಲೆ ಅಸೆಂಬ್ಲಿ ಲೈನಿನ 12 ಹುಡುಗರ ಡೊಳ್ಳು ಕುಣಿತ. ಮೊದಲ ಹೆಜ್ಜೆಗೇ ಎಲ್‌ಇಡಿ ವಾಲ್ ಅಲುಗಾಡಿತು! ವಾಲ್‌ನ ಕಾಲುಗಳನ್ನು ಸ್ಟೇಜಿನ ಪ್ಲೈವುಡ್ ಮೇಲೇ ನಿಲ್ಲಿಸಿದ್ದರು. ಅದನ್ನು ಹಿಂದಕ್ಕೆ ಸರಿಸಿ, ನೆಲದ ಮೇಲೆ ನಿಲ್ಲಿಸಿ, ಬೇರೆಯಾಗಿ ಭಾರ ಕಟ್ಟಬೇಕಾಯಿತು, ಒಂದೂವರೆ ಗಂಟೆ ಹೋಯಿತು. ರಿಹರ್ಸಲ್ ಬೇಡ, ಟೈಮ್ ಇಲ್ಲ ಅಂತ ಎಚ್‌ಆರ್ ಹೇಳಿದ್ದನ್ನು ಕೇಳಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಬೆವರು. ಡೊಳ್ಳಿಗೆ ಮೈಕ್ ಬೇಕೇ ಅಂತ ಸೌಂಡಿನವನು ಕೇಳಿದ. ನಾನು ಬರೀ ನಕ್ಕೆ.

ಉಳಿದದ್ದು ಚಿಕ್ಕದಾಗಿ. ಹೊಸೂರು ಘಟಕದವರಿಗೆ ಲೈವ್ ಕಳಿಸುವುದಿತ್ತು. ಹಾಲ್‌ನ ವೈಫೈ ನಂಬಲಿಲ್ಲ, 700 ಫೋನ್ ಒಳಗೆ ಬಂದ ಮೇಲೆ ಅದು ಸತ್ತ ಹಾಗೇ. ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರುವ ರೂಟರ್ ತಂದೆವು. ಊಟದ ನಂತರ ಸಿನಿಮಾ ಹಾಡು ಹಾಕುವುದಿತ್ತು. ಅದು ಮದುವೆ ಮನೆ ಅಲ್ಲ, ಕಂಪನಿ ಫಂಕ್ಷನ್‌ಗೆ ಪಿಪಿಎಲ್, ಐಪಿಆರ್‌ಎಸ್ (ಹಾಡಿನ ಹಕ್ಕು ಇರುವವರ ಪರವಾಗಿ ದುಡ್ಡು ವಸೂಲು ಮಾಡುವ ಸಂಸ್ಥೆಗಳು) ಲೈಸೆನ್ಸ್ ಬೇಕು, ಎರಡು ವಾರ ಮುಂಚೆಯೇ ಮಾಡಿಸಿದ್ದೆ. ಮೈಕ್‌ಗಳ ಬ್ಯಾಟರಿ ಎಲ್ಲಾ ಹೊಸದು, ಬೆಳಗ್ಗೆ ಒಂದು ಸೆಟ್, ಸನ್ಮಾನಕ್ಕೆ ಮುಂಚೆ ಇನ್ನೊಂದು.

ಫಂಕ್ಷನ್ ಮುಗಿದು ಹತ್ತು ದಿನಕ್ಕೆ ಅಕೌಂಟ್ಸ್‌ನವರು ಬಿಲ್ ಹಿಡಿದು ಬಂದರು. ಯುಪಿಎಸ್ ಬಾಡಿಗೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. "ಜನರೇಟರ್ ಇತ್ತಲ್ಲ ಮೇಡಂ, ಇದ್ಯಾಕೆ?" ನಾನು ರೆಕಾರ್ಡಿಂಗ್ ತೆಗೆದು, ಎಂಡಿ ಭಾಷಣದ ಮಧ್ಯಕ್ಕೆ ಓಡಿಸಿ ತೋರಿಸಿದೆ. ಜನರೇಟರ್ ಒಮ್ಮೆ ಮುಗ್ಗರಿಸುತ್ತದೆ. ಸ್ಟೇಜಿನ ಲೈಟು ಪಟ್ಟನೆ ಹೋಗಿ ಬರುತ್ತದೆ, ವಾಲ್ ಕಪ್ಪಾಗಿ ಮತ್ತೆ ಅದೇ ಸ್ಲೈಡ್ ಹಿಡಿದು ನಿಲ್ಲುತ್ತದೆ. ಎಂಡಿ ಒಮ್ಮೆ ತಲೆ ಎತ್ತಿ ನೋಡಿ ಮಾತು ಮುಂದುವರಿಸುತ್ತಾರೆ. ಅವರ ಅರ್ಧ ಪದ ಮಾತ್ರ ನುಂಗಿಹೋಗಿದೆ. ಅಕೌಂಟ್ಸ್‌ನವರು ಅದನ್ನು ಎರಡು ಸಲ ಹಾಕಿ ನೋಡಿದರು. ಆಮೇಲೆ ಬಿಲ್‌ಗೆ ಸೈನ್ ಹಾಕಿ, ಪುಳಿಯೋಗರೆ ಯಾವ ತಲೆಬರಹದಲ್ಲಿ ಬರೆಯಬೇಕು ಅಂತ ಕೇಳಿದರು.