ಮಗಳ ಜೊತೆ ಆಕಾಶದೂಟ

ಚಿಕ್ಕ ಮಕ್ಕಳ ಜೊತೆ ಥೀಮ್ ಊಟ ಮಾಡೋದಾದ್ರೆ ಥೀಮ್ ಯಾವುದು ಅಂತ ಮಗುವೇ ಹೇಳಬೇಕು. ನಾವೇ ಎಲ್ಲ ಅಲಂಕಾರ ಮಾಡಿ ಕೊನೆಗೆ ಕರೆದು ಕೂರಿಸಿದರೆ ಮಗು ಬರೀ ಅತಿಥಿ. ಆಟ ಇರೋದು ಅಡುಗೆಮನೆಯಲ್ಲಿ ಅಲ್ವಾ? ಈ ಸಲ ರಜೆಗೆ 5 ವರ್ಷದ ನನ್ನ ಮಗಳನ್ನು ಕೇಳಿದೆ. "ಆಕಾಶ ಮಾಡೋಣ ಅಮ್ಮಾ" ಅಂದಳು.

ಆಕಾಶಕ್ಕೆ ಬಣ್ಣ ಬೇಕಲ್ಲ. ಅಂಗಡಿಯ ಬಣ್ಣ ನನಗೆ ಬೇಕಿರಲಿಲ್ಲ. ನೇರಳೆ ಎಲೆಕೋಸನ್ನು ಹೆಚ್ಚಿ, ಸ್ವಲ್ಪ ನೀರಲ್ಲಿ ಕುದಿಸಿ ಸೋಸಿದೆ. ಕಡು ನೇರಳೆ ನೀರು ಬಂತು. ಅದು ಚೆನ್ನಾಗಿ ಆರಿದ ಮೇಲೆ ಎರಡು ಲೋಟಕ್ಕೆ ಹಾಕಿ ಅವಳ ಮುಂದಿಟ್ಟೆ. ಒಂದಕ್ಕೆ ನಿಂಬೆರಸ ಹಿಂಡಿದಳು, ಗುಲಾಬಿ ಆಯ್ತು. ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಹಾಕಿದಳು, ನೀಲಿ ಆಯ್ತು. ಕೋಸಿನಲ್ಲಿರುವ ಆಂಥೋಸಯನಿನ್ ಅನ್ನೋ ಬಣ್ಣದ ಗುಣ ಇದು. ಹುಳಿ ಸೇರಿದರೆ ಕೆಂಪಿನ ಕಡೆ, ಸೋಡಾ ಸೇರಿದರೆ ನೀಲಿ, ಹಸಿರಿನ ಕಡೆ ತಿರುಗುತ್ತದೆ. ಅವಳಿಗೆ ಆ ಹೆಸರೆಲ್ಲ ಬೇಕಾಗಲಿಲ್ಲ. "ಇನ್ನೊಂದ್ಸಲ!" ಅಂತ ಕುಣಿಯುತ್ತಲೇ ಇದ್ದಳು. ಈ ಆಟಕ್ಕೆ ಸಮಯ ಜಾಸ್ತಿ ಇಟ್ಟುಕೊಳ್ಳಿ, ಅವಸರ ಬೇಡ. ಸೋಡಾ ಹಾಕಿದ ನೀರು ಮಾತ್ರ ಆಟಕ್ಕಷ್ಟೇ. ಅಡುಗೆಗೆ ಹಾಕಿದರೆ ರುಚಿ ಕೆಡುತ್ತದೆ.

ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಉಳಿದ ನೇರಳೆ ನೀರನ್ನು ಬೆಣ್ಣೆ, ಉಪ್ಪಿನ ಜೊತೆ ಸೇರಿಸಿದೆವು. ತಿಳಿ ನೇರಳೆ ಆಕಾಶ ಸಿದ್ಧವಾಯ್ತು. ಅದರ ಮೇಲೆ ಅವಳು ಅಲ್ಲಲ್ಲಿ ನಿಂಬೆರಸ ತೊಟ್ಟಿಕ್ಕಿಸಿ "ಸೂರ್ಯ ಮುಳುಗ್ತಿದಾನೆ" ಅಂದಳು. ಅದು ಅವಳದೇ ಐಡಿಯಾ.

ನಕ್ಷತ್ರಕ್ಕೆ ಬೇಯಿಸಿದ ಕ್ಯಾರೆಟ್. ನಾನು ಬಿಲ್ಲೆ ಹೆಚ್ಚಿಕೊಟ್ಟೆ, ಅವಳು ಅಚ್ಚು ಒತ್ತಿದಳು. ಚಾಕು, ಒಲೆ ನನ್ನ ಪಾಲು. ಒತ್ತೋದು, ಹಿಸುಕೋದು, ಜೋಡಿಸೋದು ಅವಳದು. ಮಂಗಳ ಗ್ರಹಕ್ಕೆ ಬೀಟ್‌ರೂಟ್ ಬಿಲ್ಲೆ. ಮಂಗಳ ಯಾಕೆ ಕೆಂಪು ಅಂತ ಕೇಳಿದಾಗ, ಅಲ್ಲಿನ ಮಣ್ಣಲ್ಲಿ ಕಬ್ಬಿಣದ ತುಕ್ಕು ಇದೆ ಅಂದೆ. ಶನಿಗೆ ಆಲೂಗಡ್ಡೆ ಉಂಡೆ, ಸುತ್ತ ದೊಣ್ಣೆಮೆಣಸಿನ ಬಳೆ. ನನಗೆ ತುಂಬಾ ಇಷ್ಟವಾಗಿದ್ದು ಗುರು ಗ್ರಹ. ಭೂಮಿ ಒಂದು ಬಟಾಣಿ ಆದರೆ ಗುರುವಿನ ಅಡ್ಡಗಲಕ್ಕೆ ಸುಮಾರು 11 ಬಟಾಣಿ ಸಾಲಾಗಿ ಇಡಬೇಕು. ಅವಳು ಒಂದೊಂದಾಗಿ ಎಣಿಸಿ ಇಟ್ಟು, ಅಷ್ಟಗಲಕ್ಕೆ ಆಲೂಗಡ್ಡೆ ತಟ್ಟಿದಳು. ಆಮೇಲೆ ಆ ಒಂದು ಬಟಾಣಿಯನ್ನು ಕೈಯಲ್ಲಿಟ್ಟುಕೊಂಡು "ನಾವೆಲ್ಲ ಇದರೊಳಗಾ?" ಅಂತ ಕೇಳಿದಳು.

ದ್ರಾಕ್ಷಿ ಇಡೋದಾದ್ರೆ ದಯವಿಟ್ಟು ಉದ್ದಕ್ಕೆ ನಾಲ್ಕು ಹೋಳು ಮಾಡಿ. ಈ ವಯಸ್ಸಿನ ಮಕ್ಕಳಿಗೆ ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಊಟಕ್ಕೆ ದೀಪ ಸ್ವಲ್ಪ ಮಂದ ಮಾಡಿ ಕೂತೆವು. ಮಂಗಳ ಪೂರ್ತಿ ಖಾಲಿ. ಶನಿಯ ಬಳೆಯನ್ನು ಮಾತ್ರ ಕಚ್ಚಿ ನೋಡಿ ತಟ್ಟೆಯ ಅಂಚಿಗಿಟ್ಟಳು. ನಾನು ಒತ್ತಾಯ ಮಾಡಲಿಲ್ಲ. ಹೊಸ ರುಚಿ ಮಕ್ಕಳಿಗೆ ಒಗ್ಗೋಕೆ ಎಷ್ಟೋ ಸಲ ತಟ್ಟೆಗೆ ಬರಬೇಕಾಗುತ್ತದೆ. ಅವಳೇ ಬಾಯಿಗಿಟ್ಟು ನೋಡಿದಳಲ್ಲ, ಆ ದಿನಕ್ಕೆ ಅಷ್ಟು ಸಾಕಿತ್ತು.