ಹಲ್ಲಿನ ಡಾಕ್ಟರ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ?

ಶಾಲೆಯಲ್ಲಿ ಹಲ್ಲಿನ ಬಗ್ಗೆ ಹತ್ತು ನಿಮಿಷ ಮಾತಾಡಬೇಕಾ? ಬ್ರಷ್ ಹಿಡಿಯುವುದು ಹೇಗೆ ಅಂತ ಶುರು ಮಾಡಬೇಡಿ, ಮಕ್ಕಳು ಅದನ್ನು ಕೇಳಿ ಕೇಳಿ ಸಾಕಾಗಿರುತ್ತಾರೆ. ಕೈ ಇರುವ ಒಂದು ಗಟ್ಟಿ ಕುರ್ಚಿ ತಗೊಂಡು ಹೋಗಿ.

ಮೊದಲು ಒಂದು ಪ್ರಶ್ನೆ ಕೇಳಿ. "ಹುಳುಕು ಹಲ್ಲು ಅಂತೀವಲ್ಲ, ಅದರೊಳಗೆ ನಿಜವಾಗಿ ಹುಳ ಇರುತ್ತಾ?" ಹೌದು ಅಂದ ಮಕ್ಕಳನ್ನು ನೋಡಿ ಯಾರೂ ನಗದಂತೆ ನೋಡಿಕೊಳ್ಳಿ. ಈಗಿನ ಇರಾಕಿನಲ್ಲಿ ಹಿಂದೆ ಇದ್ದ ಬ್ಯಾಬಿಲೋನಿನವರೂ ಹಾಗೇ ನಂಬಿದ್ದರು, ಆಮೇಲೂ ಸಾವಿರಾರು ವರ್ಷ ಎಷ್ಟೋ ದೇಶದ ಜನ ನಂಬಿದ್ದರು.

ಈಗ ಪಿಯರ್ ಫೋಶಾರ್ ಹೆಸರು ಹೇಳಿ. ಫ್ರಾನ್ಸಿನ ಹಲ್ಲಿನ ಡಾಕ್ಟರು. ಮೈಕ್ರೋಸ್ಕೋಪ್ ಇಟ್ಟು ಹುಡುಕಿದರು, ಹುಳ ಸಿಗಲಿಲ್ಲ. ಆಗ ದೊಡ್ಡ ವೈದ್ಯರಿಗೆ ಹಲ್ಲು ಅಂದರೆ ಕೀಳು ಕೆಲಸ, ಕ್ಷೌರಿಕರೋ ಸಂತೆಯಲ್ಲಿ ಕೂತವರೋ ಹಲ್ಲು ಕೀಳುತ್ತಿದ್ದರು, ಕಸುಬು ಗೊತ್ತಿದ್ದವರು ಅದನ್ನು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದರು. ಫೋಶಾರ್ ತಮಗೆ ಗೊತ್ತಿದ್ದನ್ನೆಲ್ಲ 1728ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿಬಿಟ್ಟರು. ಸಕ್ಕರೆ ಹಲ್ಲಿಗೆ ಕೇಡು ಅಂತಲೂ ಬರೆದರು. ಹಲ್ಲಿನ ವೈದ್ಯ ಬೇರೆಯೇ ಒಂದು ವಿದ್ಯೆಯಾಗಿ ನಿಂತಿದ್ದು ಇಲ್ಲಿಂದ. ನನಗಂತೂ ಈ ಮನುಷ್ಯನ ಮೇಲೆ ತುಂಬಾ ಗೌರವ.

ಇನ್ನು ಕುರ್ಚಿ. ಇಲ್ಲಿ ಆತುರ ಮಾಡಬೇಡಿ. ಒಬ್ಬ ಹುಡುಗನನ್ನು ನೆಲದ ಮೇಲೆ ಕೂರಿಸಿ, ನೀವು ಹಿಂದೆ ಸ್ಟೂಲಿನ ಮೇಲೆ ಕೂತು, ಅವನ ತಲೆಯನ್ನು ನಿಮ್ಮ ಮಂಡಿಗೆ ಒರಗಿಸಿಕೊಂಡು "ಆ" ಅನ್ನಿಸಿ. ಕತ್ತು ನೋಯುತ್ತದೆ, ನಿಮ್ಮದೇ ನೆರಳು ಬಾಯೊಳಗೆ ಬೀಳುತ್ತದೆ, ದವಡೆ ಹಲ್ಲು ಸರಿಯಾಗಿ ಕಾಣುವುದೇ ಇಲ್ಲ. ಆಗಿನ ಕಾಲದಲ್ಲಿ ಹಲ್ಲು ಕೀಳುತ್ತಿದ್ದದ್ದು ಹೀಗೇ. ಆಮೇಲೆ ಅವನನ್ನೇ ಕಿಟಕಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ಒರಗಿಸಿ. ಹಲ್ಲು ಮುಟ್ಟಬೇಡಿ, ಸುಮ್ನೆ ನೋಡಿ. ಎಷ್ಟು ವ್ಯತ್ಯಾಸ ಅಲ್ವಾ! ನೆಲದ ಮೇಲೆ ಕೂರಿಸಬೇಡಿ, ಗಟ್ಟಿಯಾದ, ಶುಚಿಯಾದ ಕುರ್ಚಿ ಕೊಡಿ ಅಂತ ಫೋಶಾರ್ ಪಟ್ಟುಹಿಡಿದು ಬರೆದದ್ದು ಇದಕ್ಕೇ.

ಇಸವಿಗಳು ಜಾಸ್ತಿ ಬೇಡ, ಮೂರು ಸಾಕು. 1840ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೇಡನ್ ಮತ್ತು ಹ್ಯಾರಿಸ್ ದಂತ ವೈದ್ಯಕೀಯ ಕಾಲೇಜು ತೆರೆದರು. 1920ರಲ್ಲಿ ಕಲ್ಕತ್ತೆಯಲ್ಲಿ ರಫಿಯುದ್ದೀನ್ ಅಹ್ಮದ್ ಅನ್ನುವ ಹಲ್ಲಿನ ಡಾಕ್ಟರು ಅಂಥದ್ದೇ ಕಾಲೇಜು ತೆರೆದರು. 1958ರಲ್ಲಿ ನಮ್ಮ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು.

"ನೋವಾಗ್ತಿರಲಿಲ್ವಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗುತ್ತಿತ್ತು, ಜೀವ ಹೋಗುವಷ್ಟು, ಅಂತ ನಿಜವನ್ನೇ ಹೇಳಿ. ಆಮೇಲೆ ಹೊರೇಸ್ ವೆಲ್ಸ್ ಕಥೆ ಹೇಳಿ. ಅವರೂ ಅಮೆರಿಕದ ಹಲ್ಲಿನ ಡಾಕ್ಟರೇ. 1844ರ ಡಿಸೆಂಬರಿನಲ್ಲಿ, ನೋವು ಗೊತ್ತಾಗದಂತೆ ಮಾಡುವ ನಗೆ ಅನಿಲ (ನೈಟ್ರಸ್ ಆಕ್ಸೈಡ್) ಎಳೆದುಕೊಂಡು, ಮೊದಲು ತಮ್ಮದೇ ಹಲ್ಲು ಕೀಳಿಸಿಕೊಂಡು ನೋಡಿದರು.