ಬೇಸಿಗೆಯಲ್ಲಿ ಹಿತ್ತಲಿನ ಹಕ್ಕಿ, ಹುಳ ನೋಡೋರಿಗೆ
ಅಗಲವಾದ ಮಣ್ಣಿನ ತಟ್ಟೆ ಇದ್ದರೆ ಕರಿಬೇವಿನ ಗಿಡದ ನೆರಳಲ್ಲಿಟ್ಟು 2 ಇಂಚು ನೀರು ಹಾಕಿ. ಒಂದೆರಡು ಕಲ್ಲು ನೀರಿಂದ ಮೇಲೆ ಕಾಣೋ ಹಾಗೆ ಇಡಿ, ಇಲ್ಲಾಂದ್ರೆ ಕುಡಿಯಲು ಬಂದ ಜೇನುಹುಳ ಮುಳುಗಿ ಸಾಯುತ್ತವೆ, ಪಾಪ. ನೀರು ದಿನಾ ಬದಲಾಯಿಸಿ, ಸೊಳ್ಳೆ ಮರಿ ಆಗಬಾರದು ಅಲ್ವಾ. ಬೆಳಿಗ್ಗೆ ಬಿಸಿಲೇರುವ ಮುಂಚೆ ಸ್ವಲ್ಪ ದೂರದಲ್ಲಿ ಸುಮ್ನೆ ಕೂತರೆ, ನಮ್ಮಲ್ಲಿ ಮೊದಲು ಪಿಕಳಾರ ಬರುತ್ತದೆ, ಆಮೇಲೆ ಹರಟೆಮಲ್ಲಗಳ ಗುಂಪು ಗಲಾಟೆ ಮಾಡುತ್ತಾ ಇಳಿದು ಒಂದೊಂದಾಗಿ ಮಿಂದು ರೆಕ್ಕೆ ಕೊಡವುತ್ತವೆ.

ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಕಿತ್ತು ಎಸೆಯಬೇಡಿ, ಅದು ಚಿಟ್ಟೆಯ ಎಳೆ ಹುಳು ಇರಬಹುದು. ಮೆಲ್ಲಗೆ ಮುಟ್ಟಿ ನೋಡಿ, ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ನಾನು ಎರಡು ಕೊಂಬೆ ಅವಕ್ಕೇ ಬಿಟ್ಟಿದ್ದೇನೆ.